ಜನ ಬರುವ ದಂಡೆ, ಉಳಿಯುವ ಹೊಳೆ

ಅಮೆರಿಕದ ಟೆಕ್ಸಸ್ ರಾಜ್ಯದ ಹೂಸ್ಟನ್ ನಗರದಲ್ಲಿ, ಗಗನಚುಂಬಿಗಳಿರುವ ನಡುಪೇಟೆಯಿಂದ ಮೂರು ಕಿಲೋಮೀಟರ್ ದೂರದಲ್ಲಿ, ವಾ ಡ್ರೈವ್ ರಸ್ತೆಯ ಸೇತುವೆಯೊಂದು ಬಫಲೋ ಬಾಯೂ ಎಂಬ ಹೊಳೆಯನ್ನು ದಾಟುತ್ತದೆ. ವಾರಾಂತ್ಯದಲ್ಲಿ ಹೊತ್ತು ಇಳಿಯುತ್ತಿದ್ದಂತೆ ಅದರ ಪಕ್ಕದ ಹುಲ್ಲಿನ ಇಳಿಜಾರಿಗೆ ಸಂಸಾರಗಳು ಬಂದು ಕೂರುತ್ತವೆ. ಹೆಗಲ ಮೇಲೆ ಕೂಸನ್ನು ಹೊತ್ತ ಅಪ್ಪಂದಿರು, ಮಡಚುವ ಕುರ್ಚಿ ತಂದ ಅಜ್ಜ ಅಜ್ಜಿಯರು, ಎಲ್ಲರ ಕಣ್ಣೂ ಸೇತುವೆಯ ಅಡಿಭಾಗದ ಮೇಲೆ. ಅಲ್ಲಿನ ಕಾಂಕ್ರೀಟ್ ತೊಲೆಗಳ ನಡುವೆ ಎರಡು ಬೆರಳು ತೂರುವಷ್ಟು ಅಗಲದ ಸಂದುಗಳಿವೆ. ಒಳಗಿನಿಂದ ಎಡೆಬಿಡದ ಕಿಚಿಕಿಚಿ, ಮೂಗಿಗೆ ಅಡರುವ ಹಿಕ್ಕೆಯ ಘಾಟು. ಮಬ್ಬು ಕವಿಯುತ್ತಲೇ ಮೊದಲು ನಾಲ್ಕಾರು ಬಾವಲಿಗಳು ಹೊರಬಿದ್ದು ಸುತ್ತು ಹಾಕುತ್ತವೆ. ಆಮೇಲೆ ಸಾವಿರ ಸಾವಿರವಾಗಿ ಹೊಮ್ಮಿ, ನೀರಿನ ಮೇಲೆ ತಗ್ಗಿ ಹಾರಿ, ಮರಗಳ ಸಾಲು ದಾಟಿ ಮೇಲೇರುತ್ತವೆ. ಒಂದೊಂದೂ ಹತ್ತು ಹನ್ನೆರಡು ಗ್ರಾಂ ತೂಗುವ, ರೆಕ್ಕೆಪೊರೆಯಾಚೆ ಬಾಲ ಚಾಚಿರುವ ಮೆಕ್ಸಿಕನ್ ಫ್ರೀ-ಟೇಲ್ಡ್ ಬಾವಲಿ. ಕೆಲವು ಸಂಜೆ ಗಿಡುಗವೊಂದು ಆ ಗುಂಪಿಗೇ ನುಗ್ಗಿ ಒಂದನ್ನು ಹಿಡಿದುಕೊಂಡು ಹೋಗುವುದೂ ಉಂಟು. ಇಷ್ಟನ್ನೂ ನೋಡಲು ಟಿಕೆಟ್ ಬೇಕಿಲ್ಲ, ಮುಂಗಡ ಬುಕಿಂಗ್ ಬೇಕಿಲ್ಲ.

ಇಂಥ ಸಂಜೆಯನ್ನು ರಜಾದಿನದ ಕಾಲಕ್ಷೇಪ ಎಂದು ಬದಿಗಿಡುವುದು ಸುಲಭ. ಆದರೆ ಹೂಸ್ಟನ್ನಿನ ಕಳೆದ ನೂರು ವರ್ಷಗಳ ಇತಿಹಾಸವನ್ನು ಗಮನವಿಟ್ಟು ನೋಡಿದರೆ ಬೇರೆಯದೇ ಸಂಗತಿ ಕಾಣುತ್ತದೆ. ನಗರದೊಳಗಿನ ಹೊಳೆ ಉಳಿಯುವುದು ಕಾನೂನಿನಿಂದ, ಹಣದಿಂದ, ಎಂಜಿನಿಯರುಗಳ ಜಾಣ್ಮೆಯಿಂದ ಎನ್ನುವುದು ನಿಜ. ಆದರೆ ಕಾನೂನನ್ನು ಎಚ್ಚರವಾಗಿಡುವವರು, ಹಣ ಕೊಡಲು ಒಪ್ಪುವವರು, ಎಂಜಿನಿಯರನ್ನು ಪ್ರಶ್ನಿಸುವವರು ಆ ಹೊಳೆಯ ದಂಡೆಯಲ್ಲಿ ಓಡಾಡಿ ಅದನ್ನು ತಮ್ಮದೆಂದುಕೊಂಡ ಜನ. ಕುಟುಂಬದೊಂದಿಗೆ ಬಾಯೂ ದಂಡೆಗೆ ಹೋಗುವುದು ಆ ಹೊಳೆಯ ರಕ್ಷಣೆಯ ಮೊದಲ ಕೆಲಸ ಎಂಬುದು ಈ ಲೇಖನದ ವಾದ.

ಬಾಯೂ ಎಂದರೆ ಅಮೆರಿಕದ ದಕ್ಷಿಣ ಕರಾವಳಿಯ ಸಪಾಟು ನೆಲದಲ್ಲಿ, ಹರಿಯುತ್ತಿದೆಯೋ ನಿಂತಿದೆಯೋ ಎಂದು ಅನುಮಾನ ಬರುವಷ್ಟು ನಿಧಾನವಾಗಿ ಸಾಗುವ ಹೊಳೆ. ಹೂಸ್ಟನ್ ಹುಟ್ಟಿದ್ದೇ ಬಫಲೋ ಬಾಯೂ ಮತ್ತು ವೈಟ್ ಓಕ್ ಬಾಯೂಗಳ ಸಂಗಮದಲ್ಲಿ, 1836ರಲ್ಲಿ. 1913ರಲ್ಲಿಯೇ ನಗರ ಯೋಜಕ ಆರ್ಥರ್ ಕೋಮಿ ಈ ಹೊಳೆಗಳ ಉದ್ದಕ್ಕೂ ಉದ್ಯಾನಗಳ ಸಾಲು ಬೆಳೆಸಬೇಕೆಂದು ಸಲಹೆ ಕೊಟ್ಟಿದ್ದರು. ಮರುವರ್ಷ, 1914ರಲ್ಲಿ, ಬಫಲೋ ಬಾಯೂವಿನ ಕೆಳಭಾಗವನ್ನು ಆಳಗೊಳಿಸಿ ಹಡಗುಗಳ ಕಾಲುವೆ ತೆರೆಯಲಾಯಿತು. ಕೈಗಾರಿಕೆ ಬೆಳೆಯಿತು, ಉದ್ಯಾನಗಳ ನಕ್ಷೆ ಕಪಾಟು ಸೇರಿತು. 1929 ಮತ್ತು 1935ರ ಪ್ರವಾಹಗಳು ನಡುಪೇಟೆಯನ್ನೇ ಮುಳುಗಿಸಿದ ಮೇಲೆ ಹೊಳೆ ಎಂದರೆ ಆದಷ್ಟು ಬೇಗ ನೀರನ್ನು ಸಾಗಹಾಕುವ ಚರಂಡಿ ಎಂಬ ಭಾವನೆ ಬೇರೂರಿತು. 1950 ಮತ್ತು 60ರ ದಶಕಗಳಲ್ಲಿ ಬ್ರೇಸ್ ಬಾಯೂ, ವೈಟ್ ಓಕ್ ಬಾಯೂಗಳ ಉದ್ದುದ್ದ ಭಾಗಗಳನ್ನು ನೇರಗೊಳಿಸಿ, ಮರ ಕಡಿದು, ಕಾಂಕ್ರೀಟ್ ಹಾಸಲಾಯಿತು. ಆಗ ಅದನ್ನು ತಡೆಯಬಲ್ಲಂಥ ಕೂಗು ಏಳಲಿಲ್ಲ. ಊರಿನ ಹೆಚ್ಚಿನವರ ಪಾಲಿಗೆ ಹೊಳೆ ಮನೆಗಳ ಬೆನ್ನಿಗಿದ್ದ ಜಾಗ; ಯಾರೂ ಹೋಗದ ಜಾಗಕ್ಕೆ ಏನು ಮಾಡಿದರೂ ಕೇಳುವವರಿರುವುದಿಲ್ಲ.

ಅದೇ ಗತಿ ಬಫಲೋ ಬಾಯೂವಿಗೂ ಬರಬೇಕಿತ್ತು. 1966ರಲ್ಲಿ ಅದರ ದಂಡೆಯ ಮರಗಳನ್ನು ಕಡಿಯುವ, ಹರಿವನ್ನು ನೇರಗೊಳಿಸುವ ಯೋಜನೆಯ ಸುದ್ದಿ ತಿಳಿದಾಗ ಟೆರ್ರಿ ಹರ್ಷಿ ಎಂಬ ಮಹಿಳೆ ನೆರೆಹೊರೆಯವರೊಂದಿಗೆ ಎದ್ದು ನಿಂತರು. ಆ ದಂಡೆಯನ್ನು ದಿನನಿತ್ಯ ಕಂಡವರು ಅವರ ಜೊತೆಗಿದ್ದರು. ಉದ್ಯಮಿ ಜಾರ್ಜ್ ಮಿಚೆಲ್ ಸೇರಿಕೊಂಡರು. ಆಗಷ್ಟೇ ಸಂಸತ್ತಿಗೆ ಆರಿಸಿ ಬಂದಿದ್ದ, ಮುಂದೆ ದೇಶದ ಅಧ್ಯಕ್ಷರಾದ ಜಾರ್ಜ್ ಎಚ್. ಡಬ್ಲ್ಯು. ಬುಷ್ ವಾಷಿಂಗ್ಟನ್ನಿನಲ್ಲಿ ಇವರ ಪರ ಮಾತಾಡಿದರು; ಯೋಜನೆ ನಿಂತಿತು. ಇಂದು ನಗರದ ಪಶ್ಚಿಮಕ್ಕೆ ಆ ಹೊಳೆಯ ಗುಂಟವೇ ಹರ್ಷಿ ಹೆಸರಿನ ಉದ್ಯಾನವಿದೆ. ಇನ್ನೊಂದು ಉದಾಹರಣೆ ಆಗ್ನೇಯದ ಆರ್ಮಂಡ್ ಬಾಯೂ. ಮಕ್ಕಳಿಗೆ ತಾರಾಲಯದಲ್ಲಿ ನಕ್ಷತ್ರ ತೋರಿಸುತ್ತಿದ್ದ ಪರಿಸರಪ್ರೇಮಿ ಆರ್ಮಂಡ್ ಯ್ರಾಮಾಟೆಗಿ 1970ರಲ್ಲಿ ಕೊಲೆಯಾದ ಬಳಿಕ, ಅವರು ಉಳಿಸಬೇಕೆಂದು ಹಂಬಲಿಸಿದ್ದ ಹೊಳೆಗೆ ಅವರ ಹೆಸರನ್ನೇ ಇಟ್ಟು, ಸುಮಾರು 2,500 ಎಕರೆ ಕಾಡು, ಹುಲ್ಲುಗಾವಲು, ಜೌಗು ನೆಲವನ್ನು ಕಾಯ್ದಿಡಲಾಯಿತು. ಒಂದು ಕಡೆ ನಾಸಾದ ಜಾನ್ಸನ್ ಬಾಹ್ಯಾಕಾಶ ಕೇಂದ್ರ, ಇನ್ನೊಂದು ಕಡೆ ರಾಸಾಯನಿಕ ಕಾರ್ಖಾನೆಗಳು. ನಡುವೆ ಕಾಂಕ್ರೀಟ್ ಕಾಣದ ಹೊಳೆಯಲ್ಲಿ ಇವತ್ತಿಗೂ ಮೊಸಳೆಜಾತಿಯ ಆಲಿಗೇಟರ್ ಬಿಸಿಲು ಕಾಯಿಸುತ್ತದೆ, ಮೀನುಗಿಡುಗ ನೀರಿಗೆ ಎರಗುತ್ತದೆ.

ಬಾವಲಿಗಳ ಕಥೆ ಈ ವಾದಕ್ಕೆ ಇನ್ನೂ ಗಟ್ಟಿ ಸಾಕ್ಷಿ. 2017ರ ಆಗಸ್ಟ್‌ನಲ್ಲಿ ಹಾರ್ವೆ ಚಂಡಮಾರುತ ನಾಲ್ಕು ದಿನಗಳಲ್ಲಿ ನಗರದ ಅನೇಕ ಕಡೆ 40 ಇಂಚಿಗೂ ಹೆಚ್ಚು ಮಳೆ ಸುರಿಸಿದಾಗ ನೀರು ವಾ ಸೇತುವೆಯನ್ನು ಮುಟ್ಟಿತು. ಎರಡೂವರೆ ಲಕ್ಷದಷ್ಟಿದ್ದ ಬಾವಲಿಗಳಲ್ಲಿ ದೊಡ್ಡ ಪಾಲು ಸತ್ತಿತು. ತಮ್ಮ ಬೀದಿಗಳೇ ಮುಳುಗುತ್ತಿದ್ದ ಹೊತ್ತಿನಲ್ಲಿ ಕೆಲವರು ಸೇತುವೆಯ ಮೇಲಿನಿಂದ ಬಲೆ, ಬಕೆಟ್ ಇಳಿಬಿಟ್ಟು ನೀರಿಗೆ ಬಿದ್ದ ಬಾವಲಿಗಳನ್ನು ಮೇಲೆತ್ತಿದರು. 2022ರ ಡಿಸೆಂಬರ್‌ನ ಕೊರೆಯುವ ಚಳಿಯಲ್ಲಿ ಬಾವಲಿಗಳು ಮರಗಟ್ಟಿ ಉದುರಿದಾಗ, ಪ್ರಾಣಿದಯಾ ಸಂಸ್ಥೆಯೊಂದು 1,500ಕ್ಕೂ ಹೆಚ್ಚು ಬಾವಲಿಗಳನ್ನು ಉಳಿಸಿತು. ಅಲ್ಲಿನ ವನ್ಯಜೀವಿ ವಿಭಾಗದ ಮುಖ್ಯಸ್ಥೆ ಅವುಗಳನ್ನು ತಮ್ಮ ಮನೆಯ ಅಟ್ಟದಲ್ಲಿಟ್ಟುಕೊಂಡು ಸಾಕಿದರು. ಅವುಗಳನ್ನು ಮತ್ತೆ ಹಾರಿಬಿಡುವ ಸಂಜೆ ಜನ ಗುಂಪುಗೂಡಿ ಬಂದರು. ಬಾವಲಿ ಎಂದರೆ ಅಪಶಕುನ, ರೋಗದ ಮೂಲ ಎಂಬ ಭಯ ಅನೇಕ ದೇಶಗಳಲ್ಲಿ ಇದೆ. ಆ ಭಯವನ್ನು ಇಷ್ಟರಮಟ್ಟಿಗೆ ಕಳೆಯಲು ಕರಪತ್ರಗಳಿಂದ ಆಗುವುದಿಲ್ಲ. ವರ್ಷಗಟ್ಟಲೆ ಸಂಜೆಗಳಲ್ಲಿ, ಮನೆಮಂದಿಯ ಮಗ್ಗುಲಲ್ಲಿ ಕೂತು ನೋಡಿದವರಿಗೆ ಮಾತ್ರ ಆ ಜೀವ ತಮ್ಮ ಊರಿನದ್ದಾಗುತ್ತದೆ.

ಈ ಪ್ರೀತಿ ಮತಪೆಟ್ಟಿಗೆಯಲ್ಲೂ ಕಂಡಿದೆ. 2012ರಲ್ಲಿ ಹೂಸ್ಟನ್ ಮತದಾರರು ಉದ್ಯಾನಗಳಿಗಾಗಿ 16.6 ಕೋಟಿ ಡಾಲರ್ ಸಾಲಪತ್ರಕ್ಕೆ ಒಪ್ಪಿಗೆ ಕೊಟ್ಟರು. ಅದರಲ್ಲಿ 10 ಕೋಟಿ ಬಾಯೂಗಳ ಹಸಿರು ದಾರಿಗೆ. ಆ ದಾರಿಗೆ ಇನ್ನೂ ಬೇಕಿದ್ದ 12 ಕೋಟಿ ಡಾಲರನ್ನು ದಾನಿಗಳಿಂದ ಸಂಗ್ರಹಿಸುವ ಹೊಣೆ ಹೂಸ್ಟನ್ ಪಾರ್ಕ್ಸ್ ಬೋರ್ಡ್‌ನದಾಗಿತ್ತು. 150 ಮೈಲಿ ಉದ್ದದ ಕಾಲುದಾರಿಗಳ ಮೂಲಕ, ನಗರದ ಹತ್ತು ಜನರಲ್ಲಿ ಆರು ಮಂದಿಗೆ ಎರಡೂವರೆ ಕಿಲೋಮೀಟರ್ ಒಳಗೆ ಹೊಳೆದಂಡೆ ಸಿಗಬೇಕೆಂಬುದು ಗುರಿಯಾಗಿತ್ತು. ಕೋಮಿಯ ನಕ್ಷೆಗೆ ಜೀವ ಬರಲು ನೂರು ವರ್ಷ ಬೇಕಾಯಿತು. ತಂದದ್ದು ಮತ ಹಾಕಿದ ಜನ.

ಹೂಸ್ಟನ್ ಸುತ್ತಮುತ್ತ ನೆಲೆಸಿರುವ ಕನ್ನಡದ ಕುಟುಂಬಗಳಿಗೆ ಈ ದಂಡೆಗಳ ಬೆಲೆ ಇನ್ನೊಂದು ಬಗೆಯದು. ಮಕ್ಕಳ ಮನೆಗೆಂದು ಆರು ತಿಂಗಳ ಮಟ್ಟಿಗೆ ಬರುವ ಅಪ್ಪ ಅಮ್ಮಂದಿರಿಗೆ ಕಾರಿಲ್ಲದೆ ಹೊಸ್ತಿಲು ದಾಟಲಾಗದ ಊರು ಅದು; ವಾರವಿಡೀ ಕಿಟಕಿಯೇ ಪ್ರಪಂಚ. ಅವರಿಗೂ ಅಲ್ಲೇ ಹುಟ್ಟಿದ ಮೊಮ್ಮಕ್ಕಳಿಗೂ ಮಾಲ್‌ಗಿಂತ ಹೊಳೆದಂಡೆಯಲ್ಲಿ ಮಾತು ಚೆನ್ನಾಗಿ ಕೂಡುತ್ತದೆ. ಅಲ್ಲಿ ಇಬ್ಬರೂ ಹೊಸಬರು, ಇಬ್ಬರಿಗೂ ತೋರಿಸಲು ಏನಾದರೂ ಇರುತ್ತದೆ. ದಿಮ್ಮಿಯ ಮೇಲೆ ಸಾಲಾಗಿ ಕತ್ತು ಚಾಚಿ ಬಿಸಿಲು ಕಾಯುವ ಆಮೆಗಳ ಕಣ್ಣಿನ ಹಿಂದೆ ಕೆಂಪು ಪಟ್ಟಿ ಇದ್ದರೆ, ಅದು ನಮ್ಮೂರುಗಳ ಅಕ್ವೇರಿಯಂ ಅಂಗಡಿಗಳಲ್ಲಿ ಗಾಜಿನ ತೊಟ್ಟಿಯಲ್ಲಿಟ್ಟು ಮಾರುವ ಆಮೆಯೇ. ಇದು ಅದರ ತವರು. ನೀರಂಚಿನಲ್ಲಿ ಹಳದಿ ನೆತ್ತಿಯ ಇರುಳು ಬಕ ಒಂಟಿಯಾಗಿ ನಿಂತಿರುತ್ತದೆ. ಕಪ್ಪು ಮುಖ, ಕೆನ್ನೆಯಲ್ಲಿ ಬಿಳಿ ಪಟ್ಟೆ, ಕೆಂಡದಂಥ ಕಣ್ಣು. ಒಂದು ಹೆಜ್ಜೆ ಇಟ್ಟು ನಿಮಿಷಗಟ್ಟಲೆ ಅಲ್ಲಾಡದೆ ನಿಂತು, ಥಟ್ಟನೆ ಕೊಕ್ಕು ಹಾಕಿ ಸಿಗಡಿಯಂಥ ಕ್ರಾಫಿಶ್ ಎತ್ತಿ, ಅದರ ಕೊಂಡಿ ಉದುರುವಂತೆ ಒದರಿ ನುಂಗುತ್ತದೆ. ಮೊಬೈಲ್ ಬಿಟ್ಟು ಇಷ್ಟು ಹೊತ್ತು ಒಂದನ್ನೇ ನೋಡುವ ತಾಳ್ಮೆ ಮಕ್ಕಳಲ್ಲಿದೆ ಎಂಬುದು ಎಷ್ಟೋ ತಂದೆತಾಯಿಗಳಿಗೆ ತಿಳಿಯುವುದೇ ಇಲ್ಲಿ.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಪ್ರವಾಹದ್ದು. ಜೀವ, ಮನೆ, ಆಸ್ತಿ ಹೋಗುವ ಊರಿನಲ್ಲಿ ಕೊಕ್ಕರೆ ನೋಡುವ ಸುಖಕ್ಕಾಗಿ ಹೊಳೆಯನ್ನು ಅದರ ಪಾಡಿಗೆ ಬಿಡಬೇಕೇ? ಕಾಂಕ್ರೀಟ್ ಕಾಲುವೆಯಲ್ಲಿ ನೀರು ಬೇಗ ಹರಿಯುವುದಿಲ್ಲವೇ? ಹರಿಯುತ್ತದೆ, ಆದರೆ ಕೆಳಗಿನವರ ಮನೆಗೆ ಅಷ್ಟೇ ಬೇಗ ತಲುಪುತ್ತದೆ. ಕಾಂಕ್ರೀಟ್ ಹೊದ್ದ ಬ್ರೇಸ್ ಬಾಯೂ 2001, 2015 ಮತ್ತು 2017ರಲ್ಲಿ ಉಕ್ಕಿ ತನ್ನ ಅಕ್ಕಪಕ್ಕದ ಬಡಾವಣೆಗಳನ್ನು ಮುಳುಗಿಸಿತು. ಕಡೆಗೆ ಅದಕ್ಕೆ ಮಾಡಿದ ಪರಿಹಾರವೆಂದರೆ ಹೊಳೆಯನ್ನು ಅಗಲಗೊಳಿಸಿ, ಮಳೆನೀರು ತಂಗಲು ದೊಡ್ಡ ಹೊಂಡಗಳನ್ನು ತೋಡಿದ್ದು. ಆ ಹೊಂಡಗಳಲ್ಲೊಂದಾದ ವಿಲೋ ವಾಟರ್‌ಹೋಲ್ ಈಗ ಹಕ್ಕಿ ನೋಡುವವರ ಮೆಚ್ಚಿನ ತಾಣ. ಕ್ಲಿಯರ್ ಲೇಕ್ ಬಡಾವಣೆಯಲ್ಲಿ ಮುಚ್ಚಿಹೋದ 178 ಎಕರೆ ಗಾಲ್ಫ್ ಮೈದಾನವನ್ನು ಮನೆ ಕಟ್ಟುವವರ ಪಾಲಾಗಲು ಬಿಡದೆ, ನಿವಾಸಿಗಳು ಅದನ್ನು ಎಕ್ಸ್‌ಪ್ಲೋರೇಷನ್ ಗ್ರೀನ್ ಎಂಬ ಕೆರೆಗಳ ಸರಣಿಯಾಗಿಸುವಂತೆ ಪಟ್ಟು ಹಿಡಿದರು. ಹಾರ್ವೆ ಬಂದಾಗ ಮೊದಲ ಕೆರೆಯ ಕೆಲಸ ಮುಗಿಯುತ್ತ ಬಂದಿತ್ತಷ್ಟೆ. ಹಿಂದೆ ನೀರು ನುಗ್ಗುತ್ತಿದ್ದ ಸುಮಾರು 150 ಮನೆಗಳು ಆ ಬಾರಿ ಒಣಗಿಯೇ ಉಳಿದವು. ಬಫಲೋ ಬಾಯೂ ಉದ್ಯಾನವನ್ನಂತೂ ಮುಳುಗಿ ಏಳಲೆಂದೇ ರೂಪಿಸಲಾಗಿದೆ; ಪ್ರವಾಹ ಇಳಿದ ಮೇಲೆ ಕೆಸರು ಬಾಚಿ ದಾರಿಗಳನ್ನು ಮತ್ತೆ ತೆರೆಯುತ್ತಾರೆ. ನೀರಿಗೆ ಜಾಗ ಬಿಡುವುದೂ ಹಕ್ಕಿಗೆ, ಮಗುವಿಗೆ ಜಾಗ ಬಿಡುವುದೂ ಒಂದೇ ಕೆಲಸವೆಂಬುದನ್ನು ಈ ಊರು ಹಣ ಕಳೆದುಕೊಂಡು, ಪ್ರಾಣ ಕಳೆದುಕೊಂಡು ಕಲಿತಿದೆ.

ಎರಡನೆಯ ಆಕ್ಷೇಪ, ಜನ ಹೋದಲ್ಲಿ ಪ್ರಾಣಿ ಉಳಿಯುವುದಿಲ್ಲ ಎನ್ನುವುದು. ಇದರಲ್ಲಿ ಹುರುಳಿದೆ. ಬ್ರೆಡ್ಡು ಎಸೆಯುವುದು, ಬಾವಲಿಗಳ ಮೇಲೆ ಟಾರ್ಚು ಹಾಯಿಸುವುದು, ಗೂಡಿನ ಬುಡಕ್ಕೆ ನಾಯಿ ಬಿಡುವುದು ನಿತ್ಯ ನಡೆಯುತ್ತದೆ. ಶೃಂಗೇರಿಯ ತುಂಗೆಯಲ್ಲಿ ಮೀನುಗಳಿಗೆ ಮಂಡಕ್ಕಿ ಹಾಕಿ ಬೆಳೆದ ನಮ್ಮವರಿಗೆ ಉಣಿಸುವುದೇ ಪುಣ್ಯ. ಬಾಯೂ ದಂಡೆಯಲ್ಲಿ ಮಾತ್ರ ಉಣಿಸದಿರುವುದೇ ಕರುಣೆ. ತಿಂಡಿಯ ಆಸೆಗೆ ಮನುಷ್ಯರ ಹತ್ತಿರ ಬರತೊಡಗಿದ ಆಲಿಗೇಟರ್ ಅಪಾಯಕಾರಿಯಾಗುತ್ತದೆ, ಕಡೆಗೆ ಅದನ್ನೇ ಕೊಲ್ಲಬೇಕಾಗುತ್ತದೆ. ಹಾಗಾಗಿಯೇ ಟೆಕ್ಸಸ್‌ನಲ್ಲಿ ಅದಕ್ಕೆ ಆಹಾರ ಹಾಕುವುದು ಅಪರಾಧ. ಅದರಿಂದ ಮೂವತ್ತು ಅಡಿಯಾದರೂ ದೂರವಿರಬೇಕು. ಹೊಳೆಯ ನೀರಿನಲ್ಲಿ ರೋಗಾಣುಗಳ ಪ್ರಮಾಣ ಅನೇಕ ಕಡೆ ಮಿತಿ ಮೀರಿರುವುದರಿಂದ ಈಜುವುದು, ಮಕ್ಕಳನ್ನು ಇಳಿಸುವುದು ಸಲ್ಲ. ಬೇಸಿಗೆಯ ಬಿಸಿಲು, ಸೊಳ್ಳೆ ಎರಡಕ್ಕೂ ಸಿದ್ಧರಾಗಿ ಹೋಗಬೇಕು. ಆದರೆ ಈ ಕೊರತೆಗಳೆಲ್ಲ ದೂರ ಉಳಿಯಲು ಕಾರಣವಾಗಬಾರದು. ಕೊಳಚೆ ಪೈಪು ಹೊಳೆಗೆ ಬಿಟ್ಟದ್ದನ್ನು ಮೊದಲು ಕಾಣುವವರು, ದೂರು ಕೊಡುವವರು ಅಲ್ಲಿ ನಡೆದಾಡುವವರೇ.

ಮೂರನೆಯದು ನ್ಯಾಯದ ಪ್ರಶ್ನೆ, ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇದು. ಬಫಲೋ ಬಾಯೂವಿನ ಪಶ್ಚಿಮ ದಂಡೆಯಲ್ಲಿ ಉಳ್ಳವರ ಮನೆಗಳಿವೆ, ಹಸಿರಿದೆ. ಪೂರ್ವಕ್ಕೆ ಫಿಫ್ತ್ ವಾರ್ಡ್, ಈಸ್ಟ್ ಎಂಡ್ ಬಡಾವಣೆಗಳಲ್ಲಿ ಕಪ್ಪು ಜನರ, ಮೆಕ್ಸಿಕನ್ ಮೂಲದವರ ಮಕ್ಕಳು ಕಾರ್ಖಾನೆಗಳ ಬೇಲಿ ನೋಡಿಕೊಂಡು ಬೆಳೆದಿದ್ದಾರೆ. ದಂಡೆ ಚೆಂದವಾದರೆ ಬಾಡಿಗೆ ಏರಿ ಅವರೇ ಊರು ಬಿಡಬೇಕಾದೀತು ಎಂಬ ಭಯ ಸುಳ್ಳಲ್ಲ. ಹಾಗೆಂದು ಅವರ ದಂಡೆ ಹಾಳಾಗಿಯೇ ಇರಲಿ ಎನ್ನುವುದು ಪರಿಹಾರವಲ್ಲ. 2022ರಲ್ಲಿ ಘೋಷಣೆಯಾದ 31 ಕೋಟಿ ಡಾಲರ್‌ಗಳ ಪೂರ್ವ ಬಫಲೋ ಬಾಯೂ ಯೋಜನೆಯಲ್ಲಿ ಉದ್ಯಾನದ ಜೊತೆಗೇ ಕೈಗೆಟಕುವ ಬಾಡಿಗೆಯ ಮನೆಗಳನ್ನೂ ಸೇರಿಸಿರುವುದು ಸರಿಯಾದ ದಿಕ್ಕು. ಆ ಮಾತು ನಡೆಯುತ್ತದೆಯೇ ಎಂದು ನೋಡುತ್ತಿರಬೇಕಾದ್ದು ಇಡೀ ನಗರದ ಕೆಲಸ.

ಬೆಂಗಳೂರಿನ ಓದುಗರಿಗೆ ಈ ಕಥೆ ದೂರದ್ದೆನಿಸದು. ಹೂಸ್ಟನ್ನಿನಿಂದ ವರ್ಷಕ್ಕೊಮ್ಮೆ ಊರಿಗೆ ಬರುವ ಕನ್ನಡಿಗರು ವೃಷಭಾವತಿಯನ್ನು ಮೂಗು ಮುಚ್ಚಿಕೊಂಡು ದಾಟುತ್ತಾರೆ. ಗೋಡೆ ಕಟ್ಟಿ ಬಿಗಿದ ರಾಜಕಾಲುವೆಗಳು 2022ರ ಮಳೆಯಲ್ಲಿ ಬೆಳ್ಳಂದೂರಿನ ಸುತ್ತ ಏನು ಮಾಡಿದವೆಂದು ಎಲ್ಲರೂ ಕಂಡಿದ್ದಾರೆ. ಕೋರಮಂಗಲ ಕಣಿವೆಯ ಕಾಲುವೆಯನ್ನು ನಡೆದಾಡುವ ದಂಡೆಯಾಗಿಸುವ ಕೆ-100 ಯೋಜನೆ ಅದೇ ಪಾಠದ ಮೊದಲ ಅಕ್ಷರ. ಹೂಸ್ಟನ್ ಕಲಿತದ್ದನ್ನು ಒಂದೇ ಮಾತಿನಲ್ಲಿ ಹೇಳಬಹುದು: ಹೊಳೆ ಶುದ್ಧವಾದ ಮೇಲೆ ಜನ ಬರುತ್ತಾರೆಂದು ಕಾಯುತ್ತ ಕೂರಬಾರದು; ಜನ ಬಂದ ಮೇಲೆಯೇ ಶುದ್ಧಗೊಳಿಸುವ ಒತ್ತಾಯ ಹುಟ್ಟುತ್ತದೆ. ಹಾರ್ವೆಯಾಗಿ ಸರಿಯಾಗಿ ಒಂದು ವರ್ಷಕ್ಕೆ ಹೂಸ್ಟನ್ ಇರುವ ಹ್ಯಾರಿಸ್ ಕೌಂಟಿಯ ಮತದಾರರು ಪ್ರವಾಹ ತಡೆಗೆ 250 ಕೋಟಿ ಡಾಲರ್ ಕೊಡಲು ಭಾರಿ ಬಹುಮತದಿಂದ ಒಪ್ಪಿದರು. ಆ ಹಣ ಕಾಂಕ್ರೀಟಿಗೆ ಹೋಗಬೇಕೇ, ಕೆರೆಗೆ ಹೋಗಬೇಕೇ ಎಂಬ ಚರ್ಚೆ ಇನ್ನು ಮುಂದೆಯೂ ಪ್ರತಿ ಬಡಾವಣೆಯಲ್ಲಿ ನಡೆಯುತ್ತದೆ. ಆ ಸಭೆಗಳಲ್ಲಿ ಎದ್ದು ಮಾತಾಡಬೇಕಾದವರು ಇವತ್ತು ಅಜ್ಜನ ಕೈ ಹಿಡಿದು ದಂಡೆಯಲ್ಲಿ ನಡೆಯುವ ವಯಸ್ಸಿನವರು. ಅವರನ್ನು ಈ ವಾರವೇ ಹೊಳೆಗೆ ಕರೆದುಕೊಂಡು ಹೋಗಬೇಕು.