ದಡಕ್ಕೆ ಬಿದ್ದ ಕಡಲಾಮೆಯನ್ನು ಕಡಲಿಗೆ ತಳ್ಳಬೇಡಿ

ಮಳೆಗಾಲ ಶುರುವಾದರೆ ಸಾಕು, ಒಂದೇ ಬಗೆಯ ವಿಡಿಯೋ ಮೊಬೈಲಿಗೆ ಬಂದು ಬೀಳುತ್ತದೆ. ಮರಳ ಮೇಲೆ ಬಿದ್ದಿರುವ ಕಡಲಾಮೆ, ಸುತ್ತ ಜನ. ನಾಲ್ಕೈದು ಹುಡುಗರು ಚಿಪ್ಪಿಗೆ ಕೈಕೊಟ್ಟು ಎತ್ತಿ ಅಲೆಗೆ ಬಿಡುತ್ತಾರೆ. ಚಪ್ಪಾಳೆ. 'ಮಾನವೀಯತೆ ಇನ್ನೂ ಸತ್ತಿಲ್ಲ' ಎಂಬ ಒಕ್ಕಣೆ. ಸಾಕ್ಷಾತ್ ಕೂರ್ಮಾವತಾರವೆಂದು ಕುಂಕುಮ ಹಚ್ಚಿ ಕಳಿಸುವವರೂ ಇದ್ದಾರೆ. ಅವರ ಕರುಣೆಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ಅವರು ಬಿಟ್ಟ ಆಮೆ ಬದುಕುವುದು ಅನುಮಾನ.

ನಮ್ಮ ಕರಾವಳಿಯಲ್ಲಿ ಹೆಚ್ಚಾಗಿ ಕಾಣುವುದು ಆಲಿವ್ ರಿಡ್ಲಿ. ಹೆಣ್ಣು ದಡ ಹತ್ತುವುದು ಮೊಟ್ಟೆ ಇಡಲು ಮಾತ್ರ. ಅದೂ ಸಾಮಾನ್ಯವಾಗಿ ರಾತ್ರಿ, ಮಳೆ ಮುಗಿದು ಚಳಿ ಬಿದ್ದ ಮೇಲಿನ ತಿಂಗಳುಗಳಲ್ಲಿ. ಗುಂಡಿ ತೋಡಿ, ನೂರರ ಆಸುಪಾಸು ಮೊಟ್ಟೆ ಇಟ್ಟು, ಮುಚ್ಚಿ, ತಾನೇ ವಾಪಸು ಹೋಗುತ್ತದೆ. ಅದಕ್ಕೆ ಯಾರ ಸಹಾಯವೂ ಬೇಡ, ಟಾರ್ಚೂ ಬೇಡ. ಗಂಡಂತೂ ಮರಿಯಾಗಿ ನೀರು ಸೇರಿದ ಮೇಲೆ ಮತ್ತೆ ನೆಲ ಮುಟ್ಟುವುದೇ ಇಲ್ಲ ಎನ್ನಬಹುದು. ಹಾಗಿರುವಾಗ ಜುಲೈ ತಿಂಗಳ ಹಾಡಹಗಲಲ್ಲಿ ಒಂದು ಆಮೆ ಮರಳ ಮೇಲೆ ಬಿದ್ದಿದೆ ಎಂದರೆ ಅದು ದಾರಿ ತಪ್ಪಿ ಬಂದದ್ದಲ್ಲ, ವಿಶ್ರಾಂತಿಗೆ ಬಂದದ್ದೂ ಅಲ್ಲ. ಈಜುವ ಶಕ್ತಿ ಉಡುಗಿದ್ದರಿಂದ ಅಲೆ ಅದನ್ನು ತಂದು ಎಸೆದಿದೆ. ಯಾವ ಅಲೆ ಎಸೆಯಿತೋ ಅದಕ್ಕೇ ಮರಳಿ ಒಪ್ಪಿಸುತ್ತೇವಲ್ಲ!

'ಆಮೆ ನೀರಿನ ಪ್ರಾಣಿ, ನೀರಿಗೆ ಬಿಟ್ಟರೆ ಚೇತರಿಸಿಕೊಳ್ಳುತ್ತದೆ' ಎಂಬ ನಂಬಿಕೆಯೇ ಎಲ್ಲದರ ಮೂಲ. ಕಡಲಾಮೆಗೆ ಕಿವಿರಿಲ್ಲ, ಇರುವುದು ಶ್ವಾಸಕೋಶ. ಪ್ರತಿ ಉಸಿರಿಗೂ ಅದು ಮೇಲೆ ಬಂದು ತಲೆ ಎತ್ತಲೇಬೇಕು. ತಲೆ ಎತ್ತಲಾಗದ ಆಮೆ ನೀರಿನಲ್ಲಿ ಮುಳುಗಿ ಸಾಯುತ್ತದೆ, ನಮ್ಮ ಹಾಗೆಯೇ. ಸುಮ್ಮನೆ ವಿಶ್ರಮಿಸುವಾಗ ಗಂಟೆಗಟ್ಟಲೆ ಉಸಿರು ಹಿಡಿಯಬಲ್ಲ ಇದೇ ಪ್ರಾಣಿ, ಟ್ರಾಲ್ ಬಲೆಯಲ್ಲಿ ಸಿಕ್ಕಿ ಒದ್ದಾಡುವಾಗ ಸ್ವಲ್ಪ ಹೊತ್ತಿನಲ್ಲೇ ಆಮ್ಲಜನಕವನ್ನೆಲ್ಲ ಖರ್ಚು ಮಾಡಿಕೊಂಡು ಪ್ರಜ್ಞೆ ತಪ್ಪುತ್ತದೆ. ನೋಡಿದವರಿಗೆ ಸತ್ತಂತೆಯೇ ಕಾಣುತ್ತದೆ, ಆದರೆ ಎದೆಬಡಿತ ತೀರಾ ನಿಧಾನವಾಗಿ ನಡೆಯುತ್ತಿರಬಹುದು. ಅಂಥದನ್ನು ಹೊಟ್ಟೆ ಕೆಳಗಾಗಿಯೇ ಮಲಗಿಸಿ, ಹಿಂಭಾಗವನ್ನು ಒಂದು ಗೇಣಿನಷ್ಟು ಎತ್ತರಿಸಿ ಇಟ್ಟರೆ ಶ್ವಾಸಕೋಶದ ನೀರು ಇಳಿಯುತ್ತದೆ. ಮತ್ತೆ ಕದಲಲು ಒಂದು ಹಗಲು, ಒಂದು ರಾತ್ರಿ ಹಿಡಿದರೂ ಕಾಯಬೇಕು.

ಮಹಾರಾಷ್ಟ್ರದ ಡಹಾಣುವಿನಲ್ಲಿರುವಂಥ ಆರೈಕೆ ಕೇಂದ್ರಗಳಿಗೆ ಬರುವ ಆಮೆಗಳನ್ನು ನೋಡಿದರೆ ಕಡಲಿನೊಳಗೆ ಏನು ನಡೆಯುತ್ತಿದೆ ಎಂದು ತಿಳಿಯುತ್ತದೆ. ಜೂನ್, ಜುಲೈ ಎರಡು ತಿಂಗಳು ನಮ್ಮಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಆದರೆ ಹರಿದು ಬಿಟ್ಟ ನೈಲಾನ್ ಬಲೆಗೆ ರಜೆಯಿಲ್ಲ. ಅದರ ಎಳೆ ಆಮೆಯ ಮುಂಗಾಲಿಗೆ ಸುತ್ತಿಕೊಂಡು, ಚರ್ಮ ಸೀಳಿ, ಮೂಳೆಯ ತನಕ ಇಳಿದಿರುತ್ತದೆ. ಕೆಲವಕ್ಕೆ ಆ ಕಾಲನ್ನು ಕತ್ತರಿಸದೆ ಗತಿಯಿಲ್ಲ. ಇನ್ನು ಕೆಲವು ದೇಹದೊಳಗೆ ಗಾಳಿ ಸಿಕ್ಕಿಕೊಂಡು ಓರೆಯಾಗಿ ತೇಲುತ್ತವೆ, ಮುಳುಗಲಾರವು, ಮೇಯಲಾರವು. ಅಲೆಗೆ ಬಿಟ್ಟಾಗ 'ಆಹಾ, ತೇಲಿ ಹೋಯಿತು' ಎಂದು ಜನ ಸಂತೋಷಪಟ್ಟ ಆಮೆ ಇಂಥದ್ದೇ ಇರಬಹುದು. ಫ್ಲೋರಿಡಾದ ಮ್ಯಾರಥಾನ್ ಊರಿನ ಆಮೆ ಆಸ್ಪತ್ರೆ ಶುರುವಾದದ್ದು 1986ರಲ್ಲಿ. ದೋಣಿ ಬಡಿದು ಹೀಗಾದ ಆಮೆಗಳು ಅಲ್ಲಿ ಚಿಪ್ಪಿಗೆ ಭಾರ ಅಂಟಿಸಿಕೊಂಡು ಈಜುತ್ತವೆ, ಮತ್ತೆ ಕಡಲಿಗೆ ಹೋಗಲಾರದೆ ಅಲ್ಲೇ ಉಳಿದಿವೆ.

ನಾನು ಸ್ವಯಂಸೇವೆ ಮಾಡಿದ ಕೇಂದ್ರದಲ್ಲಿ ನೋಡಲು ಬಂದವರು ತಪ್ಪದೆ ಸಿಟ್ಟಾಗುತ್ತಿದ್ದುದು ಒಂದೇ ಜಾಗದಲ್ಲಿ. ತೀರಾ ನಿತ್ರಾಣವಾದ ಆಮೆಯನ್ನು ಒಣತೊಟ್ಟಿಯಲ್ಲಿ ಫೋಮಿನ ಮೇಲೆ ಮಲಗಿಸಿ, ಒದ್ದೆ ಟವೆಲು ಹೊದಿಸಿ ಇಟ್ಟಿರುತ್ತಾರೆ. ಮೂಗಿನ ಹೊಳ್ಳೆ ಮಾತ್ರ ಬಟ್ಟೆಯಿಂದ ಹೊರಗೆ. 'ಅಯ್ಯೋ, ನೀರೇ ಇಲ್ಲವಲ್ಲ!' ಎಂದು ಬೈದವರೆಷ್ಟೋ. ಅದು ಕತ್ತು ಎತ್ತಿ ಉಸಿರೆಳೆದುಕೊಳ್ಳುವಷ್ಟು ಗಟ್ಟಿಯಾಗುವ ತನಕ ನೀರೇ ಅದರ ಶತ್ರು ಎಂದು ತೊಟ್ಟಿಯ ಪಕ್ಕ ನಿಂತು ಹೇಳಿದರೂ ಅರ್ಧ ಜನ ನಂಬುವುದಿಲ್ಲ. ಚಿಪ್ಪಿಗೆ ಅಂಟಿದ ಬಾರ್ನಕಲ್‌ಗಳನ್ನು ಸಾಯಿಸಲು ಸಿಹಿನೀರಿನಲ್ಲಿ ಇಟ್ಟರಂತೂ ಇನ್ನೊಂದು ಗಲಾಟೆ. ಅದೇ ಜನ, ಜೀವಂತ ಆಮೆಯ ಚಿಪ್ಪನ್ನು ಚಾಕುವಿನಿಂದ ಕೆರೆದು 'ಮುಕ್ತಿ' ಕೊಡುವ ರೀಲ್ಸನ್ನು ಕಣ್ಣೀರು ಹಾಕಿಕೊಂಡು ನೋಡುತ್ತಾರೆ. ಹಾಗೆ ಕೆರೆದರೆ ಚಿಪ್ಪೇ ಕಿತ್ತು ಬರುತ್ತದೆ. ಎಷ್ಟೋ ವಿಡಿಯೋಗಳಲ್ಲಿ ಆಮೆಯನ್ನು ಚಿತ್ರೀಕರಣಕ್ಕೆಂದೇ ಹಿಡಿದಿರುತ್ತಾರೆ ಎಂಬುದು ನೋಡುವವರಿಗೆ ಹೊಳೆಯುವುದೇ ಇಲ್ಲ.

ಉಳಿದವನ್ನೂ ಹೇಳಿಬಿಡುತ್ತೇನೆ. ಮೊಟ್ಟೆ ಇಡುವಾಗ ಆಮೆ ಅಳುವುದಿಲ್ಲ, ಕಣ್ಣ ಬಳಿಯ ಗ್ರಂಥಿ ಹೆಚ್ಚಿನ ಉಪ್ಪನ್ನು ಹೊರಹಾಕುತ್ತದೆ. ಕೆರೆಯ ಆಮೆಯಂತೆ ಕಡಲಾಮೆ ತಲೆ, ಕಾಲುಗಳನ್ನು ಚಿಪ್ಪಿನೊಳಗೆ ಎಳೆದುಕೊಳ್ಳಲಾರದು. ಮೊಟ್ಟೆ ತಿಂದರೆ ಗಂಡಸುತನ ಹೆಚ್ಚುತ್ತದೆ ಎಂಬುದು ಶುದ್ಧ ಸುಳ್ಳು. ತಿನ್ನುವುದು 1972ರ ವನ್ಯಜೀವಿ ಕಾಯಿದೆಯಡಿ ಅಪರಾಧ. ಮರಿಗಳನ್ನು ಫೋಟೋಕ್ಕಾಗಿ ಬಕೆಟ್ಟಿನ ನೀರಿನಲ್ಲಿ ಈಜಿಸಿದರೆ, ಆಳ ಕಡಲು ತಲುಪಲು ಬೇಕಾದ ಶಕ್ತಿ ಅಲ್ಲೇ ಖರ್ಚಾಗುತ್ತದೆ. ಸ್ವಯಂಸೇವೆ ಎಂದರೆ ಆಮೆಯನ್ನು ಮುದ್ದಿಸುವುದೂ ಅಲ್ಲ. ಮೀನು, ಬೊಂಡಾಸು ಹೆಚ್ಚುವುದು, ತೊಟ್ಟಿ ತಿಕ್ಕುವುದು, ತೂಕ ಬರೆಯುವುದು, ಟವೆಲು ಒಗೆಯುವುದು.

ನನ್ನ ಸಿಟ್ಟು ಆ ಹುಡುಗರ ಮೇಲಲ್ಲ. ಅಲೆಯಲ್ಲಿ ಆಮೆ ಮರೆಯಾದ ಕ್ಷಣಕ್ಕೇ ವಿಡಿಯೋ ಮುಗಿಯುತ್ತದೆ. ಅದು ಮರುದಿನ ಎಲ್ಲಿತ್ತು ಎಂದು ಹಂಚುವ ಸಾವಿರಾರು ಜನರಲ್ಲಿ ಒಬ್ಬರೂ ಕೇಳುವುದಿಲ್ಲ. ಚೆಂದವಾಗಿ ಮುಗಿದದ್ದೆಲ್ಲ ನಿಜ ಎಂದು ಒಪ್ಪಿಕೊಳ್ಳುವ ಈ ಚಾಳಿ ಆಮೆಗೆ ಮಾತ್ರ ಸೀಮಿತವಲ್ಲ. ಔಷಧಿ, ಆಹಾರ, ಇತಿಹಾಸ ಎಲ್ಲದರಲ್ಲೂ ಹಾಗೆಯೇ ಆಗುತ್ತಿದೆ. ಇಲ್ಲಿ ಅದರ ಬೆಲೆ ತೆರುವುದು ಮಾತ್ರ ಮಾತು ಬಾರದ ಪ್ರಾಣಿ.

ಹಗಲಲ್ಲಿ ದಡದ ಮೇಲೆ ಆಮೆ ಕಂಡರೆ ಅರಣ್ಯ ಇಲಾಖೆಗೆ ಫೋನ್ ಮಾಡಿ. ನಾಯಿಗಳನ್ನು, ಜನರನ್ನು ದೂರ ಇಡಿ. ನೆರಳು ಮಾಡಿ, ಚಿಪ್ಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಮೂಗು ಮುಚ್ಚದಂತೆ ನೋಡಿಕೊಳ್ಳಿ. ಬಾಯಿಗೆ ನೀರು ಬಿಡಬೇಡಿ, ಬೆನ್ನ ಮೇಲೆ ಮಗುಚಬೇಡಿ. ಮಾಂಸದೊಳಗೆ ಹೂತ ಬಲೆಯ ಎಳೆಯನ್ನು ನೀವೇ ಕೀಳಲು ಹೋಗಬೇಡಿ. ಆಚೀಚೆ ಜೋತಾಡುವ ಭಾಗವನ್ನಷ್ಟೇ ಕತ್ತರಿಸಿ, ಉಳಿದದ್ದನ್ನು ವೈದ್ಯರಿಗೆ ಬಿಡಿ.