ಅಟ್ಟದ ಮೇಲಿನ ಜಮಖಾನ ಕೆಳಗಿಳಿಯಲಿ

ಸೋಫಾ ಬರುವುದಕ್ಕೆ ಮುಂಚೆ ನಮ್ಮವರ ಮನೆಗಳಲ್ಲಿ ನೆಂಟರಿಗೆ ಸಲ್ಲುತ್ತಿದ್ದ ಮೊದಲ ಮರ್ಯಾದೆ ಎಂದರೆ ಜಮಖಾನ ಹಾಸುವುದು. ನಾಮಕರಣವಿರಲಿ, ಭಜನೆಯಿರಲಿ, ಹೆಣ್ಣು ನೋಡುವ ಶಾಸ್ತ್ರವಿರಲಿ, ಅದಿಲ್ಲದೆ ನಡೆಯುತ್ತಿರಲಿಲ್ಲ. ಕೆಲಸ ಹುಡುಕಿಕೊಂಡು ಮುಂಬಯಿ, ಪುಣೆಗೆ ಬಂದ ನಿಮ್ಮ ಅಜ್ಜ-ಅಜ್ಜಿಯರ ಗಂಟುಮೂಟೆಯಲ್ಲೂ ಒಂದು ಜಮಖಾನ ಇದ್ದಿರಬಹುದು. ಯುವ ಮಿತ್ರರೇ, ಅದು ಈಗ ಎಲ್ಲಿದೆ? ಅನೇಕ ಮನೆಗಳಲ್ಲಿ ಉತ್ತರ ಒಂದೇ: ಅಟ್ಟದ ಮೇಲೆ, ಪ್ಲಾಸ್ಟಿಕ್ ಚೀಲದಲ್ಲಿ. ಜಮಖಾನ ಹಾಳಾಗಲು ಅದಕ್ಕಿಂತ ಸುಲಭದ ದಾರಿ ಬೇರೆ ಬೇಕಿಲ್ಲ.

ಧಾರವಾಡ ಜಿಲ್ಲೆಯ ನವಲಗುಂದ ಜಮಖಾನಕ್ಕೆ ಹೆಸರಾದ ಊರು. ಅಲ್ಲಿ ನೇಯುವವರು ಹೆಣ್ಣುಮಕ್ಕಳು. ನೆಟ್ಟಗೆ ನಿಲ್ಲಿಸಿದ ಮಗ್ಗದಲ್ಲಿ ಹತ್ತಿಯ ನೂಲನ್ನು ಕೈಯಿಂದಲೇ ನೇಯುತ್ತಾರೆ. ನವಿಲು ಮತ್ತು ಪಗಡೆಯ ಹಾಸು ಅಲ್ಲಿಯ ಹೆಸರಾಂತ ಚಿತ್ತಾರಗಳು. 1999ರ ಕಾಯ್ದೆಯಡಿ ಭೌಗೋಳಿಕ ಸೂಚಿಯ ಮಾನ್ಯತೆಯೂ ಅದಕ್ಕೆ ದೊರೆತಿದೆ. ಆದರೆ ನೇಯುವ ಕೈಗಳು ಕಡಿಮೆಯಾಗಿವೆ. ಮನೆಯಲ್ಲಿರುವುದನ್ನು ಎಸೆದರೆ ಅಂಥದೇ ಇನ್ನೊಂದು ಸಿಕ್ಕೀತೆಂಬ ಭರವಸೆ ಇಲ್ಲ.

ಕಾಪಾಡಬೇಕಾದರೆ ಮೊದಲು ನೇಯ್ಗೆ ಅರ್ಥವಾಗಬೇಕು. ಉದ್ದದ ನೂಲು ಹಾಸು, ಅಡ್ಡದ ನೂಲು ಹೊಕ್ಕು. ನಾವು ಆಡುವ 'ಹಾಸುಹೊಕ್ಕು' ಎಂಬ ಮಾತು ಮಗ್ಗದಿಂದಲೇ ಬಂದದ್ದು. ಜಮಖಾನದಲ್ಲಿ ಹೊಕ್ಕು ದಟ್ಟವಾಗಿ ಕುಳಿತು ಹಾಸನ್ನು ಮುಚ್ಚುತ್ತದೆ. ಎರಡು ತುದಿಯ ಗೊಂಡೆಗಳು ಆ ಹಾಸಿನ ಕೊನೆಗಳು. ಜೋಲಾಡುತ್ತವೆಂದು ಅವನ್ನು ಕತ್ತರಿಸಿದರೆ ನೇಯ್ಗೆಯೇ ಬಿಚ್ಚಿಕೊಳ್ಳುತ್ತದೆ. ಸಡಿಲವಾದ ಗಂಟನ್ನು ಮತ್ತೆ ಕಟ್ಟಿದರೆ ಸಾಕು. ಎರಡೂ ಮಗ್ಗುಲು ಬಳಕೆಗೆ ಬರುವುದರಿಂದ ಎರಡು-ಮೂರು ತಿಂಗಳಿಗೊಮ್ಮೆ ಮಗುಚಿ ಹಾಸಿ. ಸವೆತ ಒಂದೇ ಕಡೆ ಬೀಳುವುದಿಲ್ಲ.

ಜಮಖಾನಕ್ಕೆ ದೊಡ್ಡ ಶತ್ರು ಕಾಲ್ತುಳಿತವಲ್ಲ, ಒಳಗೆ ಸೇರಿದ ಮರಳಿನ ಕಣ. ತುಳಿದಾಗಲೆಲ್ಲ ಅದು ನೂಲನ್ನು ಕೊಯ್ಯುತ್ತದೆ. ವಾರಕ್ಕೊಮ್ಮೆ ಗುಡಿಸಿ, ತಿಂಗಳಿಗೊಮ್ಮೆ ಬಾಲ್ಕನಿಯ ಕಟಕಟೆಯ ಮೇಲೆ ಹರವಿ ಬೆತ್ತದಿಂದ ಮೆಲ್ಲಗೆ ಬಡಿಯಿರಿ. ತೆಳು ತಂತಿಯ ಮೇಲೆ ನೇತುಹಾಕಬೇಡಿ. ನಿಮ್ಮಲ್ಲಿರುವುದು ಉಣ್ಣೆಯ ಕಾರ್ಪೆಟ್ ಆದರೆ ವ್ಯಾಕ್ಯೂಮ್ ಕ್ಲೀನರನ್ನು ಕುಚ್ಚು ಮಲಗಿದ ದಿಕ್ಕಿನಲ್ಲೇ ಆಡಿಸಿ.

ಹುಳಿ ಚೆಲ್ಲಿತೇ? ಉಜ್ಜಬೇಡಿ. ಉಜ್ಜಿದರೆ ಕಲೆ ನೂಲಿನೊಳಗೆ ಇಳಿಯುತ್ತದೆ. ಬಿಳಿ ಬಟ್ಟೆಯಿಂದ ಒತ್ತಿ ಒತ್ತಿ ಹೀರಿಸಿ, ನಂತರ ತಣ್ಣೀರು ಹಾಕಿ ಮತ್ತೆ ಒತ್ತಿ. ಬಟ್ಟೆ ಸೋಪು ತಾಗಿದರೆ ಅರಿಶಿನದ ಕಲೆ ಕೆಂಪಾಗುತ್ತದೆ. ಸೋಪಿನಲ್ಲಿರುವ ಕ್ಷಾರ ಅದಕ್ಕೆ ಕಾರಣ. ಗಾಬರಿ ಬೇಡ, ತೊಳೆದರೆ ಮತ್ತೆ ಹಳದಿಗೆ ತಿರುಗುತ್ತದೆ. ಉಳಿದ ಹಳದಿಯನ್ನು ಬಿಸಿಲು ಮಾಸಿಸುತ್ತದೆ, ಆದರೆ ಅದೇ ಬಿಸಿಲು ಜಮಖಾನದ ಬಣ್ಣವನ್ನೂ ಮಾಸಿಸುತ್ತದೆ. ಆದ್ದರಿಂದ ಕಲೆಯಷ್ಟನ್ನೇ ಬಿಸಿಲಿಗೆ ಬಿಟ್ಟು ಉಳಿದದ್ದನ್ನು ಮುಚ್ಚಿಡಿ. ತುಪ್ಪ, ಎಣ್ಣೆ ಬಿದ್ದರೆ ಕಡಲೆಹಿಟ್ಟು ಉದುರಿಸಿ, ಕೆಲವು ಗಂಟೆಗಳ ನಂತರ ಗುಡಿಸಿ.

ಇಡಿಯಾಗಿ ಒಗೆಯುವ ಮುನ್ನ ಒದ್ದೆಯಾದ ಬಿಳಿ ಬಟ್ಟೆಯನ್ನು ಒಂದು ಮೂಲೆಗೆ ಒತ್ತಿ ನೋಡಿ. ಬಣ್ಣ ಹತ್ತಿದರೆ ನೀರಿಗೆ ಹಾಕಬೇಡಿ. ಹತ್ತದಿದ್ದರೂ ಮಳೆಗಾಲದಲ್ಲಿ ಒಗೆಯಬೇಡಿ. ಮುಂಬಯಿಯವರು ಸೆಪ್ಟೆಂಬರ್ ಕಳೆಯುವವರೆಗೆ ಕಾಯಿರಿ. ಚೆನ್ನೈಯವರು ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಆ ಕೆಲಸಕ್ಕೆ ಕೈಹಾಕಬೇಡಿ. ಒಳಗೆ ಪಸೆ ಉಳಿದರೆ ಹತ್ತಿಗೆ ಬೂಷ್ಟು ಖಂಡಿತ.

ಎತ್ತಿಡುವಾಗ ಮಡಿಚಬೇಡಿ, ಮಡಿಕೆಯ ಗೆರೆಯಲ್ಲೇ ನೂಲು ಸೀಳುತ್ತದೆ. ಬಟ್ಟೆ ಅಂಗಡಿಯವರು ಎಸೆಯುವ ರಟ್ಟಿನ ಕೊಳವೆಗೆ ಸುತ್ತಿ, ಹಳೆಯ ಪಂಚೆಯನ್ನು ಹೊದಿಸಿ. ಪಂಚೆಯಲ್ಲಿ ಗಾಳಿಯಾಡುತ್ತದೆ, ಪ್ಲಾಸ್ಟಿಕ್ಕಿನಲ್ಲಿ ಆಡುವುದಿಲ್ಲ. ಉಣ್ಣೆಯದಾದರೆ ನುಸಿಗುಳಿಗೆ ಇಡಿ, ಅದು ಮಕ್ಕಳ ಕೈಗೆ ಸಿಗದಿರಲಿ.

ಇಷ್ಟೆಲ್ಲ ಮಾಡಿ ಮತ್ತೆ ಅಟ್ಟಕ್ಕೇ ಏರಿಸಬೇಡಿ. ನೆಲದ ಮೇಲೆ ಹಾಸಿ ಕುಳಿತರೆ ತಾನೇ ಧೂಳು, ಹರಿದ ಅಂಚು ಕಣ್ಣಿಗೆ ಬೀಳುವುದು? ಮನೆಯ ಹಿರಿಯರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅದು ಯಾವ ಊರಿನದು, ಯಾರ ಮದುವೆಗೆ ಕೊಂಡದ್ದು ಎಂದು ಕೇಳಿ, ಒಂದು ಬಟ್ಟೆಯ ಚೂರಿನ ಮೇಲೆ ಕನ್ನಡದಲ್ಲೇ ಬರೆದು ಹಿಂಬದಿಯ ಮೂಲೆಗೆ ಹೊಲಿಯಿರಿ. ಹೇಳುವವರು ಇರುವಾಗಲೇ ಈ ಕೆಲಸ ಆಗಲಿ. ಬರುವ ಭಾನುವಾರವೇ ಏಣಿ ಹಾಕಬಾರದೇಕೆ?