ಮಗುವಿನ ಒಲವು ಎತ್ತ ಇದೆ?

"ಶಹಬ್ಬಾಸ್ ಎಂದರೂ ನಗುವುದಿಲ್ಲ, ಚಾಕಲೇಟು ಕೊಟ್ಟರೂ ಪೆನ್ಸಿಲು ಹಿಡಿಯುವುದಿಲ್ಲ, ಇವನಿಗೆ ಯಾವುದರಲ್ಲೂ ಆಸಕ್ತಿಯಿಲ್ಲ." ಆಟಿಸಂ ಜೊತೆಗೆ ಬೌದ್ಧಿಕ ನ್ಯೂನತೆಯೂ ಇರುವ ಮಕ್ಕಳ ತಾಯಿತಂದೆಯರು ನಮ್ಮಲ್ಲಿ ಹೇಳಿಕೊಳ್ಳುವ ಮಾತಿದು. ಆಸಕ್ತಿಯೇ ಇಲ್ಲದ ಮಗುವನ್ನು ನಾವು ಈವರೆಗೆ ಕಂಡಿಲ್ಲ. ಹಿರಿಯರು ಹುಡುಕುವ ಕಡೆ ಅದು ಇರುವುದಿಲ್ಲ, ಅಷ್ಟೆ.

ಹೊಗಳಿಕೆ ಇತರ ಮಕ್ಕಳನ್ನು ಮುಂದೆ ನಡೆಸುತ್ತದೆ. ಆಟಿಸಂ ಇರುವ ಅನೇಕ ಮಕ್ಕಳಿಗೆ ಅದರ ಅರ್ಥ ಸುಲಭವಾಗಿ ತಲುಪದು. ಕೆಲವರಿಗಂತೂ ಚಪ್ಪಾಳೆಯ ಸದ್ದೇ ಹಿಂಸೆ. ಇದನ್ನರಿಯದೆ ಮಗುವನ್ನು ಹಟಮಾರಿಯೆಂದೂ, ತಾಯಿಯ ಮುದ್ದೇ ಅದಕ್ಕೆ ಕಾರಣವೆಂದೂ ದೂರುವ ಬಂಧುಗಳಿಗೆ ಕೊರತೆಯಿಲ್ಲ.

ಮಗುವನ್ನು ಅದರ ಪಾಡಿಗೆ ಬಿಟ್ಟು ಒಂದು ವಾರ ಗಮನಿಸಿ, ಕಂಡದ್ದನ್ನು ಬರೆದಿಡಿರಿ. ಎಲ್ಲಿಗೆ ಓಡುತ್ತದೆ? ಏನನ್ನು ಕೈಬಿಡಲೊಲ್ಲದು? ತಿರುಗುವ ಫ್ಯಾನು, ನಲ್ಲಿಯ ನೀರು, ಡಬ್ಬಿಯ ಮುಚ್ಚಳಗಳು, ಕ್ಯಾಲೆಂಡರಿನ ಅಂಕಿಗಳು, ಏನೂ ಆಗಿರಬಹುದು. ಮಾತು ಬಾರದ ಮಗುವಿನೆದುರು ಎರಡೆರಡು ವಸ್ತುಗಳನ್ನಿಟ್ಟು ಕೈ ಯಾವುದರತ್ತ ಚಾಚುವುದೆಂದು ನೋಡಿರಿ. ಎಡಬಲಗಳನ್ನು ಬದಲಿಸಿ ಮತ್ತೆ ಇಡಿರಿ. ಕೆಲವು ಮಕ್ಕಳು ಸದಾ ಒಂದೇ ಬದಿಯದನ್ನು ಹಿಡಿಯುವುದುಂಟು.

ತಾನಾಗಿ ಹೆಚ್ಚು ಮಾಡುವ ಕ್ರಿಯೆಯು ಕಡಿಮೆ ಮಾಡುವ ಕ್ರಿಯೆಗೆ ಪ್ರೇರಣೆಯಾಗಬಲ್ಲದೆಂದು ಅಮೆರಿಕದ ಮನೋವಿಜ್ಞಾನಿ ಡೇವಿಡ್ ಪ್ರೆಮ್ಯಾಕ್ 1959ರಲ್ಲಿ ವಿವರಿಸಿದರು. ನೀರನ್ನು ಮೆಚ್ಚುವ ಮಗು ಅಂಗಿಯ ಒಂದು ಗುಂಡಿ ಹಾಕಿದೊಡನೆ ಎರಡು ನಿಮಿಷ ನಲ್ಲಿಯ ಬಳಿ ಆಡಲಿ. ಸಂಜೆಗೆಂದು ಮುಂದೂಡಿದರೆ ಫಲವಿಲ್ಲ. ಗುಂಡಿಗೂ ನೀರಿಗೂ ಇರುವ ನಂಟು ಅದಕ್ಕೆ ತಿಳಿಯದು. ಅದು ರೂಢಿಯಾದ ಮೇಲೆ ಎರಡು ಗುಂಡಿ. ಇದಕ್ಕಿಂತ ಮೇಲಾದುದು ಒಲವಿನೊಳಗೇ ಕಲಿಕೆಯನ್ನಿರಿಸುವುದು: ಲೋಟಗಳನ್ನು ಎಣಿಸಿ ತುಂಬಿಸುವುದು, ಗಿಡಗಳಿಗೆ ನೀರುಣಿಸುವುದು.

ಆದರೆ ಕಳವಳಗೊಂಡಾಗ ಮಗು ತನ್ನನ್ನು ಸಂತೈಸಿಕೊಳ್ಳಲು ಹಿಡಿಯುವ ದಾರವನ್ನೋ ಬಟ್ಟೆಯ ತುಂಡನ್ನೋ ಕಸಿದು, ಕೆಲಸ ಮಾಡಿದರಷ್ಟೇ ಕೊಡುವೆನೆನ್ನುವುದು ಕ್ರೌರ್ಯ. ಮೆಚ್ಚಿನ ವಸ್ತುವೂ ಬೇಸರವಾಗುವುದುಂಟು. ಆಗ ಮತ್ತೆ ಗಮನಿಸಬೇಕು. ನಿನ್ನೆಯವರೆಗೆ ಮಾಡುತ್ತಿದ್ದುದನ್ನು ಇಂದು ತಟ್ಟನೆ ನಿರಾಕರಿಸಿದರೆ ಮೊದಲು ಹಲ್ಲು, ಕಿವಿ, ಮಲಬದ್ಧತೆ, ನಿದ್ರೆ ಇವುಗಳನ್ನು ಪರೀಕ್ಷಿಸಬೇಕು. ನೋವನ್ನು ಹೇಳಲಾಗದ ಮಗು ಹಟದಂತೆ ಕಾಣುವ ರೀತಿಯಲ್ಲಿ ಅದನ್ನು ತೋರಿಸಿಕೊಳ್ಳಬಹುದು.

ಬ್ರಾಹ್ಮೀಘೃತ ಕೊಡಿರೆಂದು ಕೇಳಿ ಬರುವವರಿದ್ದಾರೆ. ಆಟಿಸಂ ನಿವಾರಿಸುವ ಔಷಧಿ ನಮ್ಮ ಪದ್ಧತಿಯಲ್ಲಾಗಲಿ ಅಲೋಪಥಿಯಲ್ಲಾಗಲಿ ಇಲ್ಲ. ಜಾಹೀರಾತು ನಂಬಿ ಸಾಲ ಮಾಡಬೇಡಿರಿ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇಂಥ ಮಕ್ಕಳನ್ನು ಪರೀಕ್ಷಿಸಿ ಮಾರ್ಗದರ್ಶನ ನೀಡುತ್ತವೆ. ಹೋಗುವಾಗ ಆ ಒಂದು ವಾರದ ಟಿಪ್ಪಣಿಯನ್ನು ಜೊತೆಗೊಯ್ಯಿರಿ.